1918ರಲ್ಲಿ ಜರ್ಮನಿ ಸೋತಿದ್ದು ರಣರಂಗದಲ್ಲೋ, ಬೆನ್ನ ಹಿಂದೆಯೋ?

ಓದುಗರ ಪ್ರಶ್ನೆ: ಮೊದಲ ಮಹಾಯುದ್ಧ ಮುಗಿದ ದಿನ ಜರ್ಮನ್ ಸೇನೆ ಇನ್ನೂ ಫ್ರಾನ್ಸ್ ಮತ್ತು ಬೆಲ್ಜಿಯಂ ನೆಲದಲ್ಲೇ ಇತ್ತು. ಜರ್ಮನಿಯೊಳಗೆ ಶತ್ರು ಕಾಲಿಟ್ಟಿರಲಿಲ್ಲ. ಹಾಗಿದ್ದ ಮೇಲೆ ಅದು ಸೋತಿತು ಅಂತ ಹೇಗೆ ಹೇಳುತ್ತೀರಿ? ಗೆಲ್ಲುತ್ತಿದ್ದ ಸೇನೆಗೆ ಒಳಗಿನವರೇ ಬೆನ್ನಿಗೆ ಚೂರಿ ಹಾಕಿದರು ಎಂದು ಒಂದು ವಿಡಿಯೋದಲ್ಲಿ ಕೇಳಿದೆ. ಇದರಲ್ಲಿ ಎಷ್ಟು ನಿಜ? ಮಿತ್ರರಾಷ್ಟ್ರಗಳು ಬರ್ಲಿನ್‌ವರೆಗೂ ಹೋಗಬೇಕಿತ್ತಾ?

ಉತ್ತರ: ಮೊದಲು ನೇರ ಉತ್ತರ ಕೊಡುತ್ತೇನೆ. ಜರ್ಮನ್ ಸೇನೆ ಸೋತಿದ್ದು ರಣರಂಗದಲ್ಲೇ. ಸೋತೆವು ಎಂದು ಮೊದಲು ಒಪ್ಪಿಕೊಂಡವರೂ ಅದರ ಅತಿ ದೊಡ್ಡ ಜನರಲ್‌ಗಳೇ. ಬರ್ಲಿನ್‌ನಲ್ಲಿ ಕ್ರಾಂತಿ ಆಗುವುದಕ್ಕೆ ಸುಮಾರು ಆರು ವಾರ ಮುಂಚೆಯೇ ಅವರು ಚಕ್ರವರ್ತಿಯ ಮುಂದೆ ನಿಂತು ‘ಕದನವಿರಾಮ ಕೇಳಿ, ಈಗಲೇ ಕೇಳಿ’ ಎಂದಿದ್ದರು. ಬೆನ್ನಿಗೆ ಚೂರಿಯ ಕಥೆ ಹುಟ್ಟಿದ್ದು ಆಮೇಲೆ. ಅದನ್ನು ದೇಶಕ್ಕೆ ಹಂಚಿದವರಲ್ಲಿ ಮುಖ್ಯರು ಅದೇ ಜನರಲ್‌ಗಳು. ಈ ಸುಳ್ಳಿನಿಂದ ಎಷ್ಟು ಜನ ಸತ್ತರು ಎಂದು ನೆನೆದರೆ ಇದನ್ನು ಸುಮ್ನೆ ಒಂದು ವಾದ ಎಂದು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆಯಲ್ಲಿ ಒಂದು ಸಣ್ಣ ತಿದ್ದುಪಡಿ ಇದೆ. ಜರ್ಮನ್ ನೆಲದಲ್ಲಿ ಶತ್ರು ಇರಲೇ ಇಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಆಗ ಜರ್ಮನಿಗೆ ಸೇರಿದ್ದ ಆಲ್ಸೇಸ್‌ನ ಒಂದು ಮೂಲೆ, ಥಾನ್ ಪಟ್ಟಣದ ಸುತ್ತಮುತ್ತ, 1914ರ ಆಗಸ್ಟ್‌ನಿಂದಲೂ ಫ್ರೆಂಚರ ಕೈಲಿತ್ತು. ಅದೇನೋ ಚಿಕ್ಕ ತುಂಡು, ಬಿಡಿ. ಒಟ್ಟಿನಲ್ಲಿ ನೀವು ಹೇಳಿದ ಚಿತ್ರ ಸರಿಯೇ. ಪೂರ್ವದಲ್ಲಂತೂ ಇನ್ನೂ ವಿಚಿತ್ರ. 1918ರ ಮಾರ್ಚ್ 3ರಂದು ಬ್ರೆಸ್ಟ್-ಲಿಟೋವ್‌ಸ್ಕ್ ಒಪ್ಪಂದದಲ್ಲಿ ರಷ್ಯಾದ ಹೊಸ ಬೊಲ್ಶೆವಿಕ್ ಸರ್ಕಾರ ಪೋಲೆಂಡ್, ಬಾಲ್ಟಿಕ್ ಪ್ರಾಂತ್ಯಗಳು, ಉಕ್ರೇನ್ ಎಲ್ಲವನ್ನೂ ಬಿಟ್ಟುಕೊಟ್ಟಿತ್ತು. ನವೆಂಬರ್‌ನಲ್ಲೂ ಜರ್ಮನ್ ಸೈನಿಕರು ಉಕ್ರೇನ್‌ನಲ್ಲೇ ಇದ್ದರು. ಪತ್ರಿಕೆಯಲ್ಲಿ ಭೂಪಟ ನೋಡುತ್ತಿದ್ದ ಸಾಮಾನ್ಯ ಜರ್ಮನ್ನನಿಗೆ ತನ್ನ ದೇಶ ಗೆದ್ದ ಹಾಗೇ ಕಂಡಿರಬೇಕು. ಸೆನ್ಸಾರ್ ಬೇರೆ ಕಟ್ಟುನಿಟ್ಟಾಗಿತ್ತು. ಸೋಲಿನ ಸುದ್ದಿ ಅವನಿಗೆ ಸಿಡಿಲಿನ ಹಾಗೆ ಬಡಿಯಿತು. ಸುಳ್ಳು ಬೇರೂರಲು ನೆಲ ಹದವಾಗಿದ್ದು ಇಲ್ಲೇ.

ಆದರೆ ಯುದ್ಧದಲ್ಲಿ ಎಷ್ಟು ನೆಲ ಕೈಲಿದೆ ಎನ್ನುವುದಷ್ಟೇ ಲೆಕ್ಕ ಅಲ್ಲ, ಅಲ್ವಾ? ಆ ನೆಲ ಕಾಯಲು ಜನ ಎಷ್ಟು ಉಳಿದಿದ್ದಾರೆ, ಅವರ ಹೊಟ್ಟೆಗೆ ಏನಿದೆ, ನಾಳೆ ಎದುರಾಳಿಗೆ ಎಷ್ಟು ಹೊಸಬರು ಬಂದು ಸೇರುತ್ತಾರೆ ಎನ್ನುವುದೂ ಲೆಕ್ಕ. 1918ರ ವಸಂತದಲ್ಲಿ ಈ ಲೆಕ್ಕ ಜರ್ಮನ್ ಸೇನೆಯನ್ನು ನಡೆಸುತ್ತಿದ್ದ ಎರಿಕ್ ಲುಡೆನ್‌ಡಾರ್ಫ್‌ಗೆ ಚೆನ್ನಾಗಿ ಗೊತ್ತಿತ್ತು. 1917ರ ಏಪ್ರಿಲ್ 6ರಂದು ಅಮೆರಿಕ ಯುದ್ಧ ಸಾರಿತ್ತು. ಅದರ ಸೈನಿಕರು ತಂಡತಂಡವಾಗಿ ಫ್ರಾನ್ಸ್ ತಲುಪುವ ಮೊದಲೇ ಗೆಲ್ಲಬೇಕು. ರಷ್ಯಾ ಕಣದಿಂದ ಹೊರಬಿದ್ದಿದ್ದರಿಂದ ಪೂರ್ವದ ಹತ್ತಾರು ಡಿವಿಷನ್‌ಗಳನ್ನು ಪಶ್ಚಿಮಕ್ಕೆ ತರಬಹುದಿತ್ತು. ಅವಕಾಶ ಇದ್ದದ್ದು ಕೆಲವೇ ತಿಂಗಳು. ಲುಡೆನ್‌ಡಾರ್ಫ್ ಎಲ್ಲವನ್ನೂ ಒಂದೇ ಪಣಕ್ಕೆ ಹಚ್ಚಿದ.

ಮಾರ್ಚ್ 21ರ ಬೆಳಗಿನ ಜಾವ 4.40ಕ್ಕೆ ಸುಮಾರು 6,600 ಫಿರಂಗಿಗಳು ಒಟ್ಟಿಗೆ ಗುಂಡು ಹಾರಿಸಿದವು. ಐದು ಗಂಟೆಗಳಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಶೆಲ್‌ಗಳು ಬ್ರಿಟಿಷ್ ಸಾಲಿನ ಮೇಲೆ ಬಿದ್ದವು. ಅವುಗಳಲ್ಲಿ ವಿಷಾನಿಲದವೂ ಇದ್ದವು. ಮೇಲೆ ದಟ್ಟ ಮಂಜು. ಆ ಮಂಜಿನೊಳಗಿಂದ ವಿಶೇಷ ತರಬೇತಿ ಪಡೆದ ಚಿಕ್ಕ ಚಿಕ್ಕ ತಂಡಗಳು ನುಗ್ಗಿ, ಗಟ್ಟಿ ನೆಲೆಗಳನ್ನು ಪಕ್ಕಕ್ಕೆ ಬಿಟ್ಟು ಅವುಗಳ ಹಿಂಬದಿಗೆ ಹೋದವು. ಹ್ಯೂಬರ್ಟ್ ಗಫ್‌ನ ಬ್ರಿಟಿಷ್ ಐದನೇ ಸೇನೆ ಕುಸಿಯಿತು. ಮೂರು ವರ್ಷ ನೂರಿನ್ನೂರು ಗಜಕ್ಕೆ ಸಾವಿರಾರು ಜನ ಸಾಯುತ್ತಿದ್ದ ಆ ರಣರಂಗದಲ್ಲಿ ಜರ್ಮನ್ನರು ಎರಡು ವಾರಗಳಲ್ಲಿ ಸುಮಾರು 65 ಕಿಲೋಮೀಟರ್ ಮುಂದೆ ಹೋದರು. ಮೇ 27ರಂದು ಶುರುವಾದ ಇನ್ನೊಂದು ದಾಳಿಯಲ್ಲಿ ಮತ್ತೆ ಮಾರ್ನ್ ನದಿ ಮುಟ್ಟಿದರು. ಪ್ಯಾರಿಸ್ 90 ಕಿಲೋಮೀಟರ್ ದೂರದಲ್ಲಿತ್ತು.

ಇಷ್ಟು ಓದಿದರೆ ಗೆಲುವಿನ ಕಥೆ ಎನ್ನಿಸುತ್ತದೆ. ಒಳಗೆ ನೋಡಿದರೆ ಬೇರೆಯೇ ಇದೆ. ಗೆದ್ದ ನೆಲದಲ್ಲಿ ಬಹುಪಾಲು 1916ರ ಸೋಮ್ ಕದನದಲ್ಲಿ ಹಾಳಾಗಿದ್ದ ಬಯಲು. ಅಲ್ಲಿ ರಸ್ತೆಗಳಿರಲಿಲ್ಲ, ಫಿರಂಗಿ ಸಾಗಿಸಲು ಬೇಕಾದಷ್ಟು ಕುದುರೆಗಳೂ ಇರಲಿಲ್ಲ. ನಿಜವಾಗಿ ಬೇಕಿದ್ದ ಆಮಿಯಾ ರೈಲ್ವೆ ಜಂಕ್ಷನ್ ಸಿಗಲಿಲ್ಲ. ಬ್ರಿಟಿಷರ ಉಗ್ರಾಣಗಳು ಕೈಗೆ ಬಿದ್ದಾಗ ಹಸಿದ ಜರ್ಮನ್ ಸೈನಿಕರು ದಾಳಿ ನಿಲ್ಲಿಸಿ ತಿನ್ನಲು ಕೂತರು. ಆಲ್ಬರ್ಟ್ ಪಟ್ಟಣದಲ್ಲಿ ವೈನ್ ನೆಲಮಾಳಿಗೆ ಸಿಕ್ಕಿ ಇಡೀ ತುಕಡಿಗಳೇ ಕುಡಿದು ಮಲಗಿದವು. ಶತ್ರು ಹಸಿದು ಸಾಯುತ್ತಿದ್ದಾನೆ, ಜಲಾಂತರ್ಗಾಮಿಗಳು ಅವನ ಹಡಗುಗಳನ್ನೆಲ್ಲ ಮುಳುಗಿಸಿವೆ ಎಂದು ಅವರಿಗೆ ಹೇಳಲಾಗಿತ್ತು. ಆ ಉಗ್ರಾಣಗಳಲ್ಲಿ ಬಿಳಿ ಬ್ರೆಡ್ಡು, ಡಬ್ಬಿ ಮಾಂಸ, ಚರ್ಮದ ಬೂಟು ರಾಶಿ ಬಿದ್ದಿದ್ದನ್ನು ನೋಡಿದ ಸೈನಿಕನಿಗೆ ತನ್ನ ಸರ್ಕಾರದ ಮಾತಿನ ಮೇಲೆ ಎಷ್ಟು ನಂಬಿಕೆ ಉಳಿದಿರುತ್ತದೆ, ನೀವೇ ಯೋಚಿಸಿ.

ಬೆಲೆಯೂ ಭಯಂಕರ. ಮಾರ್ಚ್‌ನಿಂದ ಜುಲೈವರೆಗೆ ಜರ್ಮನಿ ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಮುಂದೆ ನುಗ್ಗಿದವರು ಸೇನೆಯ ಅತ್ಯುತ್ತಮ ಯುವಕರು. ಹೆಚ್ಚು ಸತ್ತವರೂ ಅವರೇ. ಅವರ ಜಾಗಕ್ಕೆ ತರಲು ಮನೆಯಲ್ಲಿ ಗಂಡಸರೇ ಉಳಿದಿರಲಿಲ್ಲ. ಆಚೆ ಕಡೆ ಬೇಸಿಗೆಯ ಹೊತ್ತಿಗೆ ಅಮೆರಿಕನ್ನರು ತಿಂಗಳಿಗೆ ಎರಡೂವರೆ ಲಕ್ಷದ ಲೆಕ್ಕದಲ್ಲಿ ಇಳಿಯುತ್ತಿದ್ದರು. ನವೆಂಬರ್ ಹೊತ್ತಿಗೆ ಫ್ರಾನ್ಸ್‌ನಲ್ಲಿ ಸುಮಾರು 20 ಲಕ್ಷ ಅಮೆರಿಕನ್ನರಿದ್ದರು. ಜೂನ್–ಜುಲೈನಲ್ಲಿ ಇನ್‌ಫ್ಲುಯೆಂಜಾ ಎರಡೂ ಕಡೆ ಹರಡಿತು. ಅರೆಹೊಟ್ಟೆಯಲ್ಲಿದ್ದ ಜರ್ಮನ್ನರಿಗೆ ಅದು ಇನ್ನೂ ಜೋರಾಗಿ ತಟ್ಟಿತು. ಟ್ಯಾಂಕಿನ ಮಾತಿಗೆ ಬಂದರೆ ಹೋಲಿಕೆಯೇ ಇಲ್ಲ. ಇಡೀ ಯುದ್ಧದಲ್ಲಿ ಜರ್ಮನಿ ಕಟ್ಟಿದ್ದು ತನ್ನ ಎ7ವಿ ಮಾದರಿಯ 20 ಟ್ಯಾಂಕ್. ಫ್ರಾನ್ಸ್ ರೆನೋ ಎಫ್‌ಟಿ ಒಂದನ್ನೇ ಸಾವಿರಗಳ ಲೆಕ್ಕದಲ್ಲಿ ಕಟ್ಟಿತು.

ಜುಲೈ 18ರಂದು ಫ್ರೆಂಚರು ಮಾರ್ನ್ ಬಳಿ ತಿರುಗಿ ಬಿದ್ದರು. ಆಗಸ್ಟ್ 8ರಂದು ಆಮಿಯಾ ಮುಂದೆ ಕೆನಡಾ ಮತ್ತು ಆಸ್ಟ್ರೇಲಿಯಾದ ದಳಗಳು, ಬ್ರಿಟಿಷರು, ಫ್ರೆಂಚರು 500ಕ್ಕೂ ಜಾಸ್ತಿ ಟ್ಯಾಂಕ್‌ಗಳೊಂದಿಗೆ ಹೊರಟರು. ಮುನ್ಸೂಚನೆಯ ಗುಂಡಿನ ಮಳೆಯನ್ನೇ ಅವರು ಕೈಬಿಟ್ಟಿದ್ದರು. ಶತ್ರುವಿನ ಫಿರಂಗಿ ಎಲ್ಲಿದೆ ಎಂದು ವಿಮಾನದ ಫೋಟೋ ಮತ್ತು ಶಬ್ದದ ಲೆಕ್ಕದಿಂದ ಮೊದಲೇ ಗುರುತಿಸಿ, ದಾಳಿಯ ಕ್ಷಣದಲ್ಲೇ ಹೊಡೆದರು. ಒಂದೇ ದಿನ ಜರ್ಮನ್ನರು ಸುಮಾರು 27,000 ಜನರನ್ನು ಕಳೆದುಕೊಂಡರು. ಅವರಲ್ಲಿ ಅರ್ಧದಷ್ಟು ಸೆರೆಯಾದವರು. ಈ ಸೆರೆಯ ಸಂಖ್ಯೆಯನ್ನು ಗಮನಿಸಿ. ಜನ ಗುಂಪುಗುಂಪಾಗಿ ಕೈ ಎತ್ತುತ್ತಿದ್ದರು. ಹಿಂದಕ್ಕೆ ಬರುತ್ತಿದ್ದವರು ಮುಂದಕ್ಕೆ ಹೋಗುತ್ತಿದ್ದ ಮೀಸಲು ಪಡೆಯನ್ನು ‘ಮುಷ್ಕರ ಮುರುಕರು, ಯುದ್ಧ ಎಳೆಯುವವರು’ ಎಂದು ಬೈದರು ಎಂಬ ವರದಿ ಲುಡೆನ್‌ಡಾರ್ಫ್‌ಗೆ ತಲುಪಿತು. ಜರ್ಮನ್ ಸೇನೆಯ ಕರಾಳ ದಿನ ಎಂದು ಆತನೇ ಆಮೇಲೆ ಆ ದಿನವನ್ನು ಕರೆದ. ಜುಲೈ ಮಧ್ಯದಿಂದ ನವೆಂಬರ್‌ವರೆಗೆ ಮೂರೂವರೆ ಲಕ್ಷಕ್ಕೂ ಜಾಸ್ತಿ ಜರ್ಮನ್ನರು ಪಶ್ಚಿಮದಲ್ಲಿ ಸೆರೆಯಾದರು. ಗೆಲ್ಲುತ್ತಿರುವ ಸೇನೆಯ ಲಕ್ಷಣ ಇದಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಎಲ್ಲವೂ ಒಟ್ಟಿಗೆ ಕಳಚಿತು. 15ರಂದು ಬಾಲ್ಕನ್‌ನಲ್ಲಿ ಜರ್ಮನಿಯ ಜೊತೆಗಿದ್ದ ಬಲ್ಗೇರಿಯಾದ ಸಾಲು ಒಡೆಯಿತು. 19ರಂದು ಪ್ಯಾಲೆಸ್ಟೀನ್‌ನಲ್ಲಿ ಬ್ರಿಟಿಷ್ ಜನರಲ್ ಅಲೆನ್‌ಬಿಯ ಸೇನೆ, ಜರ್ಮನಿಯ ಇನ್ನೊಂದು ಜೊತೆಗಾರ ಒಟ್ಟೋಮನ್ (ತುರ್ಕಿ) ಸಾಮ್ರಾಜ್ಯದ ಸಾಲನ್ನು ಮುರಿದು ಕುದುರೆಪಡೆಯನ್ನು ಒಳಗೆ ಬಿಟ್ಟಿತು. ಒಟ್ಟೋಮನ್ ಸೇನೆಯನ್ನು ನಡೆಸುತ್ತಿದ್ದವನು ಲಿಮಾನ್ ಫಾನ್ ಸ್ಯಾಂಡರ್ಸ್ ಎಂಬ ಜರ್ಮನ್ ಜನರಲ್. ಮರುದಿನ ನಜರೇತ್‌ನಲ್ಲಿ ಆತನೇ ಸೆರೆ ಸಿಗುವುದರಿಂದ ಕೂದಲೆಳೆಯಲ್ಲಿ ಪಾರಾದ. ನಮ್ಮ ಮೈಸೂರು ಲ್ಯಾನ್ಸರ್ಸ್ ಬರುವುದು ಇಲ್ಲೇ. ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಸವಾರರು ಹೈಫಾ ಬಂದರನ್ನು ಹಿಡಿದರು. ಜೋಧಪುರದವರು ಊರೊಳಗೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಇಳಿಜಾರಿನ ಫಿರಂಗಿಗಳ ಮೇಲೆ ಏರಿಹೋದರು. ಎದುರಿಗೆ ಮೆಷಿನ್‌ಗನ್, ಇವರ ಕೈಯಲ್ಲಿ ಭರ್ಜಿ. ಅಂದು 1,300ಕ್ಕೂ ಜಾಸ್ತಿ ಜನ ಸೆರೆಯಾದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕ ಇದೆ. ಹೈಫಾ ಕಾಳಗವನ್ನು ನಾವು ಬಿಡಿ ಸಾಹಸದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ಹೆಮ್ಮೆ ಸರಿ. ಆದರೆ ಅದು ಜರ್ಮನಿಯ ಕೂಟವೇ ಕುಸಿದ ಎರಡು ವಾರಗಳ ಒಂದು ಭಾಗ ಎಂದು ಸೇರಿಸಿ ಹೇಳಿದರೆ ಅದರ ತೂಕ ಇನ್ನೂ ಹೆಚ್ಚುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ದಿನಕ್ಕೆ ಬರೋಣ. ಸೆಪ್ಟೆಂಬರ್ 29, ಭಾನುವಾರ. ಅಂದು ಬಲ್ಗೇರಿಯಾ ಕದನವಿರಾಮಕ್ಕೆ ಸಹಿ ಹಾಕಿತು. ರೊಮೇನಿಯಾದ ಎಣ್ಣೆಯ ದಾರಿಗೂ, ಇಸ್ತಾಂಬುಲ್‌ನ ರೈಲು ದಾರಿಗೂ ಕುತ್ತು ಬಂತು. ಅಂದೇ ಫ್ರಾನ್ಸ್‌ನಲ್ಲಿ ಬ್ರಿಟಿಷರ 46ನೇ ಡಿವಿಷನ್ ಸೇಂಟ್ ಕ್ವೆಂಟಿನ್ ಕಾಲುವೆಯನ್ನು ದಾಟಿತು. ಹಿಂಡೆನ್‌ಬರ್ಗ್ ಸಾಲು ಎಂಬ ಜರ್ಮನ್ ರಕ್ಷಣಾ ಸಾಲಿನ ಅತಿ ಗಟ್ಟಿ ಭಾಗ ಅದು. ಸೈನಿಕರು ಹಡಗಿನ ಲೈಫ್ ಬೆಲ್ಟ್ ಕಟ್ಟಿಕೊಂಡು ನೀರಿಗೆ ಇಳಿದಿದ್ದರು. ಅಂದೇ ಬೆಲ್ಜಿಯಂನ ಸ್ಪಾ ಪಟ್ಟಣದ ಜರ್ಮನ್ ಪ್ರಧಾನ ಕಚೇರಿಯಲ್ಲಿ ಸೇನೆಯ ಮುಖ್ಯಸ್ಥ ಹಿಂಡೆನ್‌ಬರ್ಗ್ ಮತ್ತು ಲುಡೆನ್‌ಡಾರ್ಫ್ ಚಕ್ರವರ್ತಿ (ಕೈಸರ್) ಎರಡನೇ ವಿಲ್ಹೆಲ್ಮ್‌ಗೆ ಹಾಗೂ ವಿದೇಶಾಂಗ ಕಾರ್ಯದರ್ಶಿ ಹಿಂಟ್ಸೆಗೆ ವಿಷಯ ತಿಳಿಸಿದರು. ಯುದ್ಧ ಗೆಲ್ಲಲಾಗದು, ಕದನವಿರಾಮವನ್ನು ತಕ್ಷಣ ಕೇಳಬೇಕು ಎಂದರು.

ಅಂದು ಬರ್ಲಿನ್‌ನಲ್ಲಿ ಕ್ರಾಂತಿ ಇಲ್ಲ. ನೌಕಾಪಡೆಯಲ್ಲಿ ದಂಗೆ ಇಲ್ಲ. ಕೈಸರ್ ಸಿಂಹಾಸನದ ಮೇಲಿದ್ದಾನೆ. ಚೂರಿ ಹಾಕಿದರು ಎನ್ನಲಾದ ಸಮಾಜವಾದಿಗಳು ಇನ್ನೂ ಅಧಿಕಾರದ ಹೊರಗಿದ್ದಾರೆ.

ಎರಡು ದಿನ ಬಿಟ್ಟು, ಅಕ್ಟೋಬರ್ 1ರಂದು, ಲುಡೆನ್‌ಡಾರ್ಫ್ ತನ್ನ ಅಧಿಕಾರಿಗಳನ್ನು ಸೇರಿಸಿ ಮಾತಾಡಿದ. ಅಲ್ಲಿದ್ದ ಕರ್ನಲ್ ಆಲ್ಬ್ರೆಕ್ಟ್ ಫಾನ್ ಥೇರ್ ಅದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಸೇನೆಯನ್ನು ಇನ್ನು ನಂಬಲಾಗದು, ಸೋಲು ತಪ್ಪದು ಎಂದು ಲುಡೆನ್‌ಡಾರ್ಫ್ ಒಪ್ಪಿಕೊಂಡ. ಹಾಗೆಯೇ ಸಂಸತ್ತಿನ ಪಕ್ಷದವರನ್ನು ಸರ್ಕಾರಕ್ಕೆ ಸೇರಿಸಲು ಕೈಸರ್‌ನನ್ನು ಕೇಳಿದ್ದೇನೆ, ಸಂಧಿಯನ್ನು ಅವರೇ ಮಾಡಲಿ, ತಾವು ಬೇಯಿಸಿದ ಸೂಪನ್ನು ಅವರೇ ಕುಡಿಯಲಿ ಎಂದೂ ಹೇಳಿದ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಇದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಎರಡು ವರ್ಷ ದೇಶವನ್ನು ಹೆಚ್ಚುಕಡಿಮೆ ಸರ್ವಾಧಿಕಾರಿಯ ಹಾಗೆ ನಡೆಸಿದವನು, ಸೋಲಿನ ಹೊಣೆ ಹೊರುವ ಹೊತ್ತು ಬಂದಾಗ ಅದನ್ನು ಬೇರೆಯವರ ತಲೆಗೆ ಕಟ್ಟುವ ಏರ್ಪಾಡು ಮಾಡುತ್ತಿದ್ದ. ಚೂರಿಯ ಕಥೆಯ ಬೀಜ ಆ ಕೋಣೆಯಲ್ಲೇ ಬಿತ್ತು.

ಅಕ್ಟೋಬರ್ 2ರಂದು ಸೇನೆ ಕಳಿಸಿದ ಮೇಜರ್ ಒಬ್ಬ ಬರ್ಲಿನ್‌ನಲ್ಲಿ ಪಕ್ಷಗಳ ನಾಯಕರಿಗೆ ನಿಜಸ್ಥಿತಿ ಹೇಳಿದ. ಅವರಿಗೆ ಮಾತೇ ಹೊರಡಲಿಲ್ಲ. ಹಿಂದಿನ ವಾರದವರೆಗೂ ಗೆಲುವು ಹತ್ತಿರ ಎಂದೇ ಅವರೂ ಕೇಳಿದ್ದರು. ಮರುದಿನ ಚಾನ್ಸಲರ್ ಆದ ಬಾಡೆನ್‌ನ ರಾಜಕುಮಾರ ಮ್ಯಾಕ್ಸ್ ಸ್ವಲ್ಪ ಕಾಯೋಣ ಎಂದ. ಅವಸರಪಟ್ಟರೆ ಸೋಲನ್ನು ಜಗತ್ತಿಗೆ ಸಾರಿದಂತೆ ಆಗುತ್ತದೆ ಎನ್ನುವುದು ಅವನ ಅಂಜಿಕೆ. ಕಾಯಲು ಬಿಡದವರು ಜನರಲ್‌ಗಳೇ. ಹಿಂಡೆನ್‌ಬರ್ಗ್ ಲಿಖಿತವಾಗಿ ಒತ್ತಾಯ ಮಾಡಿದ. ಅಂದು ರಾತ್ರಿಯೇ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್‌ಗೆ ಮನವಿ ಹೋಯಿತು. ಅಕ್ಟೋಬರ್ ಕೊನೆಗೆ ವಿಲ್ಸನ್ ಷರತ್ತುಗಳನ್ನು ಬಿಗಿ ಮಾಡಿದಾಗ ಲುಡೆನ್‌ಡಾರ್ಫ್ ಮಾತು ಬದಲಿಸಿ ಹೋರಾಟ ಮುಂದುವರಿಸೋಣ ಎಂದ. 26ರಂದು ಅವನನ್ನು ಇಳಿಸಲಾಯಿತು. ಯುದ್ಧ ಮುಗಿದ ಮೇಲೆ ವೇಷ ಮರೆಸಿಕೊಂಡು ಸ್ವೀಡನ್‌ಗೆ ಹೋದ.

ಕ್ರಾಂತಿ ಶುರುವಾಗಿದ್ದು ಇದೆಲ್ಲ ಆದ ಮೇಲೆ. ಅಕ್ಟೋಬರ್ ಕೊನೆಯಲ್ಲಿ ನೌಕಾಧಿಪತಿಗಳು ಬ್ರಿಟಿಷ್ ನೌಕಾಪಡೆಯ ಮೇಲೆ ಒಂದು ಕೊನೆಯ ದಾಳಿಗೆ ಯೋಜನೆ ಹಾಕಿದರು. ಸಂಧಿಯ ಮಾತು ನಡೆಯುತ್ತಿರುವಾಗ ಮರ್ಯಾದೆಗೋಸ್ಕರ ಸಾಯಲು ನಾವಿಕರು ಒಪ್ಪಲಿಲ್ಲ. ನವೆಂಬರ್ 3ರಂದು ಕೀಲ್ ಬಂದರಿನಲ್ಲಿ ದಂಗೆ ಸ್ಫೋಟಿಸಿತು. 9ರಂದು ಬರ್ಲಿನ್ ತಲುಪಿತು. ಮರುದಿನ ಕೈಸರ್ ನೆದರ್‌ಲೆಂಡ್ಸ್‌ಗೆ ಹೋದ. ಅಷ್ಟರಲ್ಲಿ ಒಟ್ಟೋಮನ್ ಸಾಮ್ರಾಜ್ಯ ಅಕ್ಟೋಬರ್ 30ರಂದು, ಆಸ್ಟ್ರಿಯಾ-ಹಂಗೇರಿ ನವೆಂಬರ್ 3ರಂದು ಕದನವಿರಾಮಕ್ಕೆ ಸಹಿ ಹಾಕಿ ಆಗಿತ್ತು. ಜರ್ಮನಿ ಒಂಟಿ.

ಹಾಗಾದರೆ ಊರೊಳಗೆ ಏನೂ ಆಗಿರಲಿಲ್ಲವೇ? ಆಗಿತ್ತು. ಬ್ರಿಟನ್ನಿನ ಸಮುದ್ರ ದಿಗ್ಬಂಧನದಿಂದ ಊಟ ಇರಲಿಲ್ಲ. 1916–17ರ ಚಳಿಗಾಲದಲ್ಲಿ ಆಲೂಗಡ್ಡೆ ಬೆಳೆ ಕೈಕೊಟ್ಟು ಜನ ದನಕ್ಕೆ ಹಾಕುವ ಟರ್ನಿಪ್ ಗೆಡ್ಡೆ ತಿಂದು ಬದುಕಿದರು. 1918ರ ಜನವರಿಯಲ್ಲಿ ಬರ್ಲಿನ್‌ನಲ್ಲೇ ಲಕ್ಷಗಟ್ಟಲೆ ಕಾರ್ಮಿಕರು ಮುಷ್ಕರ ಹೂಡಿದರು. ಚೂರಿ ವಾದದವರು ತೋರಿಸುವುದು ಈ ಮುಷ್ಕರವನ್ನೇ. ಆದರೆ ಅದು ನಡೆದು ಎರಡು ತಿಂಗಳೊಳಗೆ ಮಾರ್ಚ್ 21ರ ದಾಳಿ ಆಯಿತು. ಐದು ಗಂಟೆಗಳಲ್ಲಿ ಹತ್ತು ಲಕ್ಷ ಶೆಲ್ ಹಾರಿಸಿದ ಸೇನೆಗೆ ಮುಷ್ಕರದಿಂದ ಮದ್ದುಗುಂಡು ಕಡಿಮೆಯಾಯಿತು ಎನ್ನುವ ವಾದ ನಿಲ್ಲುವುದಿಲ್ಲ. ಮನೆಯ ಹಸಿವಿನ ಪತ್ರಗಳು ಸೈನಿಕರ ಮನಸ್ಸನ್ನು ಕುಗ್ಗಿಸಿದ್ದು ನಿಜ. ಅದು ದಿಗ್ಬಂಧನದ ಏಟು, ಯುದ್ಧದ್ದೇ ಒಂದು ಭಾಗ. ಕೊನೆಯ ತಿಂಗಳುಗಳಲ್ಲಿ ಸೈನಿಕರು ಗುಟ್ಟಾಗಿ ಯುದ್ಧದಿಂದ ಜಾರಿಕೊಂಡದ್ದು ಜಾಸ್ತಿಯೋ, ದಣಿದ ಕಿರಿಯ ಅಧಿಕಾರಿಗಳೇ ಮುಂದೆ ನಿಂತು ಶರಣಾದದ್ದು ಜಾಸ್ತಿಯೋ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಎರಡೂ ವಾದಗಳು ಸೇನೆ ಸೋತಿತ್ತು ಎಂಬಲ್ಲಿಂದಲೇ ಹೊರಡುತ್ತವೆ.

ಕದನವಿರಾಮದ ಷರತ್ತುಗಳನ್ನು ಓದಿದರೂ ಇದು ತಿಳಿಯುತ್ತದೆ. 15 ದಿನಗಳಲ್ಲಿ ಫ್ರಾನ್ಸ್, ಬೆಲ್ಜಿಯಂ, ಆಲ್ಸೇಸ್-ಲೊರೇನ್ ಖಾಲಿ ಮಾಡಬೇಕು. 5,000 ಫಿರಂಗಿ, 25,000 ಮೆಷಿನ್‌ಗನ್, 1,700 ವಿಮಾನ, 5,000 ರೈಲು ಎಂಜಿನ್, ಎಲ್ಲ ಜಲಾಂತರ್ಗಾಮಿಗಳನ್ನೂ ಒಪ್ಪಿಸಬೇಕು. ರೈನ್ ನದಿಯ ಪಶ್ಚಿಮ ದಡ ಮಿತ್ರರ ಕೈಗೆ ಹೋಗಬೇಕು. ಹೋರಾಡುವ ಶಕ್ತಿ ಇದ್ದವರು ಇದಕ್ಕೆ ಸಹಿ ಹಾಕುತ್ತಾರಾ? ಸಹಿ ಹಾಕಲು ಹೋದ ಜರ್ಮನ್ ನಿಯೋಗದ ಮುಂದಾಳು ಮಥಿಯಾಸ್ ಎರ್ಜ್‌ಬರ್ಗರ್ ಎಂಬ ಕ್ಯಾಥೊಲಿಕ್ ಪಕ್ಷದ ರಾಜಕಾರಣಿ. ಷರತ್ತು ಸಡಿಲಿಸಲು ನೋಡಿ, ಆಗದಿದ್ದರೂ ಸಹಿ ಹಾಕಿ ಎಂದು ಹಿಂಡೆನ್‌ಬರ್ಗ್ ಅವನಿಗೆ ತಂತಿ ಕಳಿಸಿದ. ನವೆಂಬರ್ 11ರ ಬೆಳಗಿನ ಜಾವ ಫ್ರಾನ್ಸ್‌ನ ಕೊಂಪಿಯೇನ್ ಕಾಡಿನಲ್ಲಿ, ಮಿತ್ರರಾಷ್ಟ್ರಗಳ ಸೇನಾಪತಿ ಮಾರ್ಷಲ್ ಫೋಶ್‌ನ ರೈಲು ಬೋಗಿಯೊಳಗೆ ಎರ್ಜ್‌ಬರ್ಗರ್ ಸಹಿ ಹಾಕಿದ. 1921ರ ಆಗಸ್ಟ್ 26ರಂದು ಬಲಪಂಥದ ಹಂತಕರು ಅವನನ್ನು ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಗುಂಡಿಟ್ಟು ಕೊಂದರು. ಸಹಿ ಹಾಕಿಸಿದ ಹಿಂಡೆನ್‌ಬರ್ಗ್ 1925ರಲ್ಲಿ ಜರ್ಮನಿಯ ಅಧ್ಯಕ್ಷನಾದ.

ಆ ಹಿಂಡೆನ್‌ಬರ್ಗ್‌ನೇ 1919ರ ನವೆಂಬರ್ 18ರಂದು ಸಂಸತ್ತಿನ ವಿಚಾರಣಾ ಸಮಿತಿ ಮುಂದೆ, ಸೇನೆಗೆ ಹಿಂದಿನಿಂದ ಇರಿಯಲಾಯಿತು ಎಂದು ಓದಿ ಹೇಳಿದ್ದ. ಒಬ್ಬ ಇಂಗ್ಲಿಷ್ ಜನರಲ್ ಹಾಗೆ ಹೇಳಿದ್ದಾನೆ ಎಂದು ಹೆಸರಿಲ್ಲದ ಸಾಕ್ಷಿ ಬೇರೆ. ಹೊಸ ಗಣರಾಜ್ಯದ ನಾಯಕ ಎಬರ್ಟ್ ಕೂಡ 1918ರ ಡಿಸೆಂಬರ್‌ನಲ್ಲಿ ಮರಳಿದ ಸೈನಿಕರಿಗೆ ‘ಯಾವ ಶತ್ರುವೂ ನಿಮ್ಮನ್ನು ಗೆಲ್ಲಲಿಲ್ಲ’ ಎಂದಿದ್ದ. ದಣಿದವರಿಗೆ ಹೇಳಿದ ಸಮಾಧಾನದ ಮಾತು ಅದು. ಎದುರಾಳಿಗಳು ಅದನ್ನೇ ಅವನ ಸರ್ಕಾರದ ವಿರುದ್ಧ ಬಳಸಿದರು. ಆಮೇಲೆ ಚೂರಿ ಹಿಡಿದ ಕೈ ಯಹೂದಿಗಳದ್ದು ಎಂದರು. ಸುಮಾರು ಒಂದು ಲಕ್ಷ ಯಹೂದಿಗಳು ಜರ್ಮನಿಯ ಪರವಾಗಿ ಆ ಯುದ್ಧದಲ್ಲಿ ಹೋರಾಡಿದ್ದರು, ಸುಮಾರು 12,000 ಜನ ಸತ್ತಿದ್ದರು. 1923ರ ನವೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್ ದಂಗೆಯೆದ್ದಾಗ ಪಕ್ಕದಲ್ಲಿ ನಡೆದವನು ಲುಡೆನ್‌ಡಾರ್ಫ್. 1933ರ ಜನವರಿ 30ರಂದು ಹಿಟ್ಲರನನ್ನು ಚಾನ್ಸಲರ್ ಮಾಡಿದವನು ಹಿಂಡೆನ್‌ಬರ್ಗ್.

ಕೊನೆಯ ಪ್ರಶ್ನೆ, ಮಿತ್ರರು ಬರ್ಲಿನ್‌ವರೆಗೂ ಹೋಗಬೇಕಿತ್ತಾ? ಅಮೆರಿಕದ ಜನರಲ್ ಪರ್ಶಿಂಗ್ ಹಾಗೆಂದೇ ವಾದಿಸಿದ್ದ. ಬೇಷರತ್ತಾಗಿ ಶರಣಾಗುವವರೆಗೂ ಬಿಡಬಾರದು ಎಂದು ಅಕ್ಟೋಬರ್ 30ರಂದು ಬರೆದೂ ಕೊಟ್ಟ. ಫೋಶ್ ಒಪ್ಪಲಿಲ್ಲ. ಬೇಕಾದದ್ದು ಷರತ್ತಿನಲ್ಲೇ ಸಿಗುತ್ತಿರುವಾಗ ಇನ್ನೊಂದು ಹನಿ ರಕ್ತ ಚೆಲ್ಲುವ ಹಕ್ಕು ಯಾರಿಗೂ ಇಲ್ಲ ಎಂಬುದು ಅವನ ನಿಲುವು. ನಾನು ಫೋಶ್ ಕಡೆ. ಕೊನೆಯ ಮೂರು ತಿಂಗಳಲ್ಲೇ ಬ್ರಿಟಿಷ್ ಸೇನೆಯ ಸಾವುನೋವು ಮೂರು ಲಕ್ಷ ದಾಟಿತ್ತು. ಸಹಿ ಬಿದ್ದ ಮೇಲೂ, 11 ಗಂಟೆಗೆ ಗುಂಡು ನಿಲ್ಲುವ ಆ ಒಂದು ದಿನದಲ್ಲೇ ಸುಮಾರು 2,700 ಜನ ಸತ್ತರು. ಮುಂದೆ ಹುಟ್ಟಬಹುದಾದ ಒಂದು ಸುಳ್ಳನ್ನು ತಡೆಯಲು ಇನ್ನಷ್ಟು ಜನರನ್ನು ಕೊಲ್ಲಿಸಿ ಎಂದು 1918ರಲ್ಲಿ ಯಾವ ತಾಯಿಯ ಮುಂದೆ ಹೇಳಲಾಗುತ್ತಿತ್ತು?

ಆದರೆ ಮುಂದಿನ ಪೀಳಿಗೆ ಇದನ್ನು ಮರೆಯಲಿಲ್ಲ. 1943ರ ಜನವರಿಯಲ್ಲಿ ಕಾಸಾಬ್ಲಾಂಕಾದಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಸೇರಿದಾಗ ಬೇಷರತ್ತು ಶರಣಾಗತಿ ಬಿಟ್ಟು ಬೇರೇನೂ ಒಪ್ಪುವುದಿಲ್ಲ ಎಂದು ರೂಸ್‌ವೆಲ್ಟ್ ಸಾರಿದ. ಅದರ ಹಿಂದಿನ ಕಾರಣಗಳಲ್ಲಿ 1918ರ ನೆನಪೂ ಒಂದು. 1945ರ ಮೇ ತಿಂಗಳಲ್ಲಿ ಸಹಿಗೆ ಯಾವ ರಾಜಕಾರಣಿಯನ್ನೂ ಕರೆಯಲಿಲ್ಲ. 7ರಂದು ರೀಮ್ಸ್‌ನಲ್ಲಿ ಜನರಲ್ ಯೋಡ್ಲ್ ಸಹಿ ಹಾಕಿದ. ಮರುದಿನ ರಾತ್ರಿ, ಪುಡಿಪುಡಿಯಾಗಿದ್ದ ಬರ್ಲಿನ್‌ನಲ್ಲೇ, ಜರ್ಮನ್ ಸೇನೆಗಳ ಪ್ರಧಾನ ಕಚೇರಿಯ ಮುಖ್ಯಸ್ಥ ಫೀಲ್ಡ್ ಮಾರ್ಷಲ್ ಕೈಟಲ್ ಸಮವಸ್ತ್ರದಲ್ಲಿ ಕೂತು ಸಹಿ ಹಾಕಿದ. ನೌಕಾಪಡೆ ಮತ್ತು ವಾಯುಪಡೆಯ ಪರವಾಗಿಯೂ ಅವುಗಳ ಅಧಿಕಾರಿಗಳೇ ಸಹಿ ಹಾಕಬೇಕಾಯಿತು.